ಆ ಹೊಲ ಯಾವ ತೂಬಿಗೆ ಬರುತ್ತದೆ?

ಈ ತಿಂಗಳು ಬಂದ ಪತ್ರಗಳಲ್ಲಿ ಆರನ್ನು ಒಟ್ಟಿಗೆ ಇಟ್ಟುಕೊಂಡಿದ್ದೇನೆ. ಒಂದು ಭತ್ತದ್ದು, ಒಂದು ಕಿಡ್ನಿ ಕಲ್ಲಿನದು, ಒಂದು ಹೆರಿಗೆಯದು. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ರಾಯಚೂರಿನಲ್ಲಿ 31 ವರ್ಷ ಡಿಗ್ರಿ ಮಕ್ಕಳಿಗೆ ಸಂಖ್ಯಾಶಾಸ್ತ್ರ ಪಾಠ ಮಾಡಿದ ನನಗೆ ಆರರಲ್ಲೂ ಒಂದೇ ಪ್ರಶ್ನೆ ಕಂಡಿತು. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಪ್ರಶ್ನೆ: ಮೇಡಂ, ನಮ್ಮ ಕಡೆ ಭತ್ತಕ್ಕೆ ಹೊಡೆಯುವ ಒಂದು ಟಾನಿಕ್ ಬಂದಿದೆ. ರೇಟು ಜಾಸ್ತಿ. ಮಾರುವವರು ಒಂದು ಪಟ್ಟಿ ತೋರಿಸಿದರು. ಸುತ್ತಲಿನ ಊರಿನವರದೇ ಹೆಸರು, ಫೋನ್ ನಂಬರ್ ಎಲ್ಲ ಇದೆ. ನಾನೇ ನಾಲ್ಕು ಜನಕ್ಕೆ ಫೋನ್ ಮಾಡಿ ಕೇಳಿದೆ, ಸುಳ್ಳಲ್ಲ. ಟಾನಿಕ್ ಹೊಡೆದವರಿಗೆ ಎಕರೆಗೆ ಸರಾಸರಿ 42 ಚೀಲ, ಹೊಡೆಯದವರಿಗೆ 34 ಚೀಲ. ಎಂಟು ಚೀಲ ಅಂದ್ರೆ ಸಣ್ಣ ಮಾತಲ್ಲ. ತಗೊಳ್ಳಲೋ ಬೇಡವೋ?
— ಸಿಂಧನೂರು ತಾಲ್ಲೂಕಿನ ಒಬ್ಬ ರೈತ

ಉತ್ತರ: ಅಣ್ಣಾ, ನೀವು ಫೋನ್ ಮಾಡಿ ವಿಚಾರಿಸಿದ್ದು ಬಹಳ ಒಳ್ಳೆಯದಾಯಿತು. ಪಟ್ಟಿ ಸುಳ್ಳಲ್ಲ ಅಂತ ಖಾತ್ರಿಯಾಯಿತು. ಈಗ ಅದೇ ನಾಲ್ವರಿಗೆ ಇನ್ನೊಂದು ಸಲ ಫೋನ್ ಮಾಡಿ. ಒಂದೇ ಮಾತು ಕೇಳಿ: "ನಿಮ್ಮ ಹೊಲ ಯಾವ ತೂಬಿಗೆ ಬರುತ್ತದೆ?"

ತೂಬು ಅಂದರೆ ಕಾಲುವೆಯಿಂದ ಹೊಲಗಳಿಗೆ ನೀರು ಬಿಡುವ ಕಿಂಡಿ. ಇದನ್ನೇ ಯಾಕೆ ಕೇಳಬೇಕು ಅಂತ ಹೇಳುತ್ತೇನೆ. ನಾನು ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಹೊರಟು ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ 220 ಕಿಲೋಮೀಟರಿಗೂ ಹೆಚ್ಚು ಹರಿಯುತ್ತದೆ. ಅದರ ಒಂದು ಉಪಕಾಲುವೆಯ ಕೊಟ್ಟಕೊನೆಗೆ ನಮ್ಮಪ್ಪನ ನಾಲ್ಕು ಎಕರೆ. ಡ್ಯಾಮಿನಿಂದ ನೀರು ಬಿಟ್ಟರು ಅಂತ ರೇಡಿಯೋದಲ್ಲಿ ಸುದ್ದಿ ಬಂದ ಎಷ್ಟೋ ದಿನಗಳ ಮೇಲೆ ನಮ್ಮ ಕಾಲುವೆಯ ತಳ ಒದ್ದೆಯಾಗುತ್ತಿತ್ತು. ಅಪ್ಪ ರಾತ್ರಿ ಊಟ ಮಾಡಿ ಕೈಯಲ್ಲಿ ಲಾಟೀನು, ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಕಾಲುವೆ ದಂಡೆ ಹಿಡಿದು ಮೇಲಕ್ಕೆ ನಡೆಯುತ್ತಿದ್ದ. ಬೆಳಿಗ್ಗೆ ಬಂದರೆ ಅವ್ವ ಕೇಳುವುದು ಒಂದೇ ಮಾತು, "ನೀರ ಬಂತೇನು?" ನಾವು ನಾಟಿಗೆ ಇಳಿಯುವ ಹೊತ್ತಿಗೆ ಮೇಲ್ಭಾಗದವರ ಪೈರು ಮೊಳಕಾಲು ಮುಟ್ಟಿರುತ್ತಿತ್ತು. ಕೆಲವು ವರ್ಷ ನಾಟಿಯೇ ಇಲ್ಲ, ಜೋಳ ಬಿತ್ತಿ ಸುಮ್ನೆ ಕೂತದ್ದೂ ಉಂಟು.

ಮೇಲ್ಭಾಗದವರಿಗೆ ನೀರು ಮೊದಲು. ಎರಡು ಬೆಳೆ. ಕೈಯಲ್ಲಿ ಕಾಸು ಓಡಾಡುತ್ತದೆ. ಮಾರ್ಕೆಟ್ಟಿಗೆ ಹೊಸ ಔಷಧಿ ಬಂದರೆ ಮೊದಲು ಕೊಳ್ಳುವವರೂ ಅವರೇ. ಟೇಲೆಂಡಿನವನಿಗೆ, ಅಂದರೆ ಕಾಲುವೆಯ ಕೊನೆಯವನಿಗೆ, ಯೂರಿಯಾಕ್ಕೇ ಸಾಲ, ಅವನು ಟಾನಿಕ್ ಎಲ್ಲಿ ತರುತ್ತಾನೆ? ಅಂದರೆ ನೀರು ಎರಡು ಕೆಲಸ ಮಾಡುತ್ತಿದೆ. ಇಳುವರಿಯನ್ನೂ ಹೆಚ್ಚಿಸುತ್ತಿದೆ, ಟಾನಿಕ್ಕನ್ನೂ ಕೊಳ್ಳಿಸುತ್ತಿದೆ. ಪಟ್ಟಿಯಲ್ಲಿ ನೀರಿನ ಹೆಸರೇ ಇಲ್ಲ. ಅದು ಮಾಡಿದ ಕೆಲಸದ ಹೆಸರೆಲ್ಲ ಟಾನಿಕ್ಕಿಗೆ ಹೋಯಿತು.

ಸುಮ್ನೆ ಲೆಕ್ಕಕ್ಕೆ ಅಂತ ಹೀಗೆ ಹಿಡಿಯೋಣ. ಟಾನಿಕ್ಕಿನಿಂದ ಒಂದು ಕಾಳೂ ಜಾಸ್ತಿ ಬರುವುದಿಲ್ಲ. ಮೇಲ್ಭಾಗದಲ್ಲಿ ಹೊಡೆದರೂ ಬಿಟ್ಟರೂ 44 ಚೀಲ, ಕೊನೆಭಾಗದಲ್ಲಿ ಹೊಡೆದರೂ ಬಿಟ್ಟರೂ 32. ಟಾನಿಕ್ ಹೊಡೆದವರು 12 ಜನ. ಅವರಲ್ಲಿ 10 ಜನ ಮೇಲ್ಭಾಗದವರು, ಇಬ್ಬರು ಕೊನೆಯವರು. ಹತ್ತು ನಲವತ್ನಾಲ್ಕಲೆ 440, ಎರಡು ಮೂವತ್ತೆರಡಲೆ 64. ಒಟ್ಟು 504, ಹನ್ನೆರಡರಿಂದ ಭಾಗಿಸಿದರೆ 42. ಹೊಡೆಯದವರೂ 12 ಜನ, ಇಲ್ಲಿ ಇಬ್ಬರು ಮೇಲ್ಭಾಗ, 10 ಜನ ಕೊನೆ. 88 ಮತ್ತು 320 ಸೇರಿ 408. ಹನ್ನೆರಡರಿಂದ ಭಾಗಿಸಿದರೆ 34. ನಿಮ್ಮ ಪಟ್ಟಿಯ 42 ಮತ್ತು 34 ಬಂದೇ ಬಿಟ್ಟವಲ್ಲ! ಬಾಟಲಿಯಲ್ಲಿ ಬರೀ ನೀರಿದ್ದರೂ ಎಂಟು ಚೀಲದ ಫರಕು ಬರುತ್ತಿತ್ತು.

ಇದಕ್ಕೆ ಪುಸ್ತಕದಲ್ಲಿ ಕನ್‌ಫೌಂಡಿಂಗ್ ಅನ್ನುತ್ತಾರೆ. ನಾನು ಕ್ಲಾಸಿನಲ್ಲಿ "ಹಿಂದಿನ ಕೈ" ಅನ್ನುತ್ತಿದ್ದೆ. ಊರಲ್ಲಿ ಏನಾದರೂ ನಡೆದರೆ "ಇದರ ಹಿಂದೆ ಯಾರದೋ ಕೈ ಇದೆ" ಅಂತೇವಲ್ಲ, ಹಾಗೆ. ಆದರೆ ಎಲ್ಲ ಹಿಂದಿನ ಕೈಯೂ ಕನ್‌ಫೌಂಡರ್ ಆಗುವುದಿಲ್ಲ. ಅದು ಎರಡೂ ಕಡೆ ಎಳೆಯಬೇಕು. ಇಲ್ಲಿ ಒಂದು ಎಳೆತ ಟಾನಿಕ್ಕಿನ ಕಡೆಗೆ, ಇನ್ನೊಂದು ಚೀಲದ ಕಡೆಗೆ.

ಹಾಗಂತ ಟಾನಿಕ್ ದಂಡ ಅಂತ ನಾನು ಹೇಳಿಲ್ಲ. ನಿಜವಾಗಿ ಎರಡು ಚೀಲ ಕೊಡುತ್ತಿರಬಹುದು. ಆ ಪಟ್ಟಿಯಿಂದ ಅದು ಗೊತ್ತಾಗುವುದಿಲ್ಲ ಅಷ್ಟೇ. ಗೊತ್ತು ಮಾಡಿಕೊಳ್ಳುವ ದಾರಿ ನಿಮ್ಮ ಗದ್ದೆಯಲ್ಲೇ ಇದೆ. ಒಂದೇ ಒಂದು ಬಾಟಲಿ ತನ್ನಿ. ಅಕ್ಕಪಕ್ಕ ಇರುವ ಮಡಿಗಳನ್ನು ಎರಡೆರಡಾಗಿ ಜೋಡಿ ಮಾಡಿ. ಕಡಿಮೆ ಅಂದ್ರೂ ಐದು ಜೋಡಿ ಇರಲಿ. ಪ್ರತಿ ಜೋಡಿಯ ಮುಂದೆ ನಿಂತು ನಾಣ್ಯ ಚಿಮ್ಮಿ. ರಾಜ ಬಿದ್ದರೆ ಎಡ ಮಡಿಗೆ ಟಾನಿಕ್, ಇಲ್ಲದಿದ್ದರೆ ಬಲ ಮಡಿಗೆ. ಇನ್ನೊಂದಕ್ಕೆ ಅದೇ ಪಂಪಿನಿಂದ ಬರೀ ನೀರು ಹೊಡೆಯಿರಿ. ದಯವಿಟ್ಟು ಮಡಿಯನ್ನು ನೀವು ಆರಿಸಬೇಡಿ. ರೈತನ ಕೈ ತಾನಾಗೇ ಚೆನ್ನಾಗಿರುವ ಮಡಿಯ ಕಡೆ ಹೋಗುತ್ತದೆ, ಅದು ನಮ್ಮ ರಕ್ತದಲ್ಲೇ ಇದೆ. ನಾಣ್ಯಕ್ಕೆ ಯಾವ ಮಡಿಯ ಮೇಲೂ ಪ್ರೀತಿ ಇಲ್ಲ. ಗಾಳಿ ಇಲ್ಲದ ಬೆಳಿಗ್ಗೆ ಹೊಡೆಯಿರಿ, ಇಲ್ಲದಿದ್ದರೆ ಪಕ್ಕದ ಮಡಿಗೆ ಹಾರುತ್ತದೆ. ತಳಿ, ನಾಟಿ ದಿನ, ಗೊಬ್ಬರ ಎಲ್ಲ ಎರಡಕ್ಕೂ ಒಂದೇ ಇರಲಿ. ಮಷೀನ್ ಬರುವ ಮುಂಚೆ ಪ್ರತಿ ಮಡಿಯ ನಡುವೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಅಳೆದು ಕುಡುಗೋಲಿನಿಂದ ಕೊಯ್ಯಿರಿ. ಬೆಳೆ ವಿಮೆಗೆ ಕಟಾವು ಪ್ರಯೋಗ ಮಾಡಲು ಬರುತ್ತಾರಲ್ಲ, ಅವರು ಭತ್ತಕ್ಕೆ ಇಡುವ ಅಳತೆಯೂ ಅದೇ. ಬಡಿದು, ಒಣಗಿಸಿ, ಬೇರೆ ಬೇರೆ ತೂಗಿ ಬರೆದಿಡಿ.

ಹೀಗೆ ನಾಣ್ಯ ಚಿಮ್ಮಿಯೋ ಚೀಟಿ ಎತ್ತಿಯೋ ಆರಿಸುವ ಪದ್ಧತಿಯನ್ನು ಶಾಸ್ತ್ರವಾಗಿ ಕಟ್ಟಿದವರು ರೊನಾಲ್ಡ್ ಫಿಶರ್. 1919ರಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಕೆಲಸಕ್ಕೆ ಸೇರಿದವರು. ಅಲ್ಲೂ ಇದೇ ತೊಂದರೆ ಇತ್ತು. ಒಂದೇ ಹೊಲದಲ್ಲಿ ಒಂದು ಮೂಲೆಯ ಮಣ್ಣು ಇನ್ನೊಂದು ಮೂಲೆಯಂತಿಲ್ಲ. ಯಾವ ಗೊಬ್ಬರ ಒಳ್ಳೆಯದು ಅಂತ ಹೇಗೆ ಹೇಳುವುದು? ಮಣ್ಣಿನ ಗುಣವನ್ನೆಲ್ಲ ಅಳೆದು ಮುಗಿಸಲು ಆಗುವುದಿಲ್ಲ. ಯಾವ ತುಂಡಿಗೆ ಯಾವ ಗೊಬ್ಬರ ಅನ್ನುವುದನ್ನು ಚೀಟಿಗೆ ಬಿಟ್ಟರೆ ಒಳ್ಳೆ ಮಣ್ಣೂ ಕೆಟ್ಟ ಮಣ್ಣೂ ಎರಡೂ ಕಡೆ ಹಂಚಿಹೋಗುತ್ತದೆ. ನಮಗೆ ಗೊತ್ತೇ ಇಲ್ಲದ ಹಿಂದಿನ ಕೈಗಳೂ ಹಂಚಿಹೋಗುತ್ತವೆ. ಇವತ್ತು ಹೊಸ ಔಷಧಿಗಳನ್ನು ರೋಗಿಗಳ ಮೇಲೆ ಪರೀಕ್ಷೆ ಮಾಡುವುದೂ ಇದೇ ಪದ್ಧತಿಯಲ್ಲಿ. ಹೊಲದಲ್ಲಿ ಬೆಳೆದ ವಿದ್ಯೆ ಆಸ್ಪತ್ರೆಗೆ ಹೋಯಿತು ಅಂತ ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ. ಹೇಳುವಾಗಲೆಲ್ಲ ಅಪ್ಪನ ಲಾಟೀನು ನೆನಪಾಗುತ್ತಿತ್ತು.

ಕಟಾವು ಆದ ಮೇಲೆ ಹತ್ತೂ ಮಡಿಯ ತೂಕ ನನಗೆ ಬರೆದು ಕಳಿಸಿ ಅಣ್ಣಾ. ಲೆಕ್ಕ ಹಾಕಿ ಇದೇ ಅಂಕಣದಲ್ಲಿ ಹೇಳುತ್ತೇನೆ.

ಪ್ರಶ್ನೆ: ನನಗೆ 46 ವರ್ಷ. ಕಿಡ್ನಿಯಲ್ಲಿ ಕಲ್ಲಾಗಿದೆ. ಮಗ ಮೊಬೈಲಿನಲ್ಲಿ ನೋಡಿ, ಚರ್ಮಕ್ಕೆ ಸಣ್ಣ ತೂತು ಮಾಡಿ ತೆಗೆಯುವ ವಿಧಾನ ನೂರಕ್ಕೆ 83 ಜನಕ್ಕೆ ಸರಿಹೋಗಿದೆ, ಕೊಯ್ದು ತೆಗೆಯುವುದು 78 ಜನಕ್ಕೆ ಅಂದ. ಆಮೇಲೆ ಅವನೇ ಇನ್ನೊಂದು ಕಡೆ ಓದಿ, ಸಣ್ಣ ಕಲ್ಲಿದ್ದವರಲ್ಲೂ ಕೊಯ್ಯುವುದೇ ಮೇಲಂತೆ, ದೊಡ್ಡ ಕಲ್ಲಿದ್ದವರಲ್ಲೂ ಕೊಯ್ಯುವುದೇ ಮೇಲಂತೆ ಅನ್ನುತ್ತಾನೆ. ಎರಡೂ ಒಂದೇ ಅಧ್ಯಯನದ ಮಾತಂತೆ! ಸಣ್ಣದಕ್ಕೂ ದೊಡ್ಡದಕ್ಕೂ ಮೇಲಾದದ್ದು ಒಟ್ಟಿನಲ್ಲಿ ಕೆಳಗೆ ಹೇಗೆ ಹೋಯಿತು?
— ಬಳ್ಳಾರಿಯ ಒಬ್ಬ ಓದುಗರು

ಉತ್ತರ: ಸರ್, ನಿಮ್ಮ ಮಗ ಸರಿಯಾಗಿಯೇ ಓದಿದ್ದಾನೆ. ಅದು ಬ್ರಿಟನ್ನಿನ ಅಧ್ಯಯನ, 1986ರಲ್ಲಿ ಪ್ರಕಟವಾದದ್ದು. ಒಂದು ಹಾಳೆ, ಪೆನ್ನು ತಗೊಳ್ಳಿ. ಇದನ್ನು ಕಣ್ಣಲ್ಲಿ ಓದಿದರೆ ಸಾಲದು, ಕೈಯಲ್ಲಿ ಬರೆಯಬೇಕು.

ಕೊಯ್ದು ತೆಗೆದದ್ದು 350 ಜನಕ್ಕೆ, ಸರಿಹೋದದ್ದು 273 ಜನಕ್ಕೆ. ನೂರಕ್ಕೆ 78. ತೂತು ಮಾಡಿ ತೆಗೆದದ್ದೂ 350 ಜನಕ್ಕೆ, ಸರಿಹೋದದ್ದು 289. ನೂರಕ್ಕೆ 83 ಹತ್ತಿರ. ಇಲ್ಲಿಗೆ ನಿಲ್ಲಿಸಿದರೆ ತೂತು ಗೆದ್ದಿತು.

ಈಗ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ 2 ಸೆಂಟಿಮೀಟರಿಗಿಂತ ಸಣ್ಣ ಕಲ್ಲಿದ್ದವರು, ಬಲಕ್ಕೆ ದೊಡ್ಡ ಕಲ್ಲಿದ್ದವರು. ಸಣ್ಣ ಕಲ್ಲಿನವರಲ್ಲಿ ಕೊಯ್ದದ್ದು 87 ಜನಕ್ಕೆ, ಸರಿಹೋದದ್ದು 81. ನೂರಕ್ಕೆ 93. ತೂತು ಮಾಡಿದ್ದು 270 ಜನಕ್ಕೆ, ಸರಿಹೋದದ್ದು 234. ನೂರಕ್ಕೆ 87. ದೊಡ್ಡ ಕಲ್ಲಿನವರಲ್ಲಿ ಕೊಯ್ದದ್ದು 263 ಜನಕ್ಕೆ, ಸರಿಹೋದದ್ದು 192. ನೂರಕ್ಕೆ 73. ತೂತು ಮಾಡಿದ್ದು 80 ಜನಕ್ಕೆ, ಸರಿಹೋದದ್ದು 55. ನೂರಕ್ಕೆ 69. ಎರಡೂ ಕಡೆ ಕೊಯ್ಯುವುದೇ ಮುಂದಿದೆ.

ಬೆರಳಿಟ್ಟು ನೋಡಬೇಕಾದ ಜಾಗ ಯಾವುದು ಗೊತ್ತಾ? ಶೇಕಡಾವಾರು ಬಿಡಿ, 263 ಮತ್ತು 80 ಇದೆಯಲ್ಲ, ಅದು. ದೊಡ್ಡ ಕಲ್ಲು ಇದ್ದವರನ್ನು ಡಾಕ್ಟರುಗಳು ಹೆಚ್ಚಾಗಿ ಕೊಯ್ಯಲು ಕಳಿಸಿದ್ದಾರೆ. ಸಣ್ಣ ಕಲ್ಲಿನವರು ಹೆಚ್ಚಾಗಿ ತೂತಿನ ಕಡೆ ಹೋಗಿದ್ದಾರೆ. ದೊಡ್ಡ ಕಲ್ಲು ಯಾರು ತೆಗೆದರೂ ಕಷ್ಟವೇ. ಕಷ್ಟದ ಕೆಲಸವನ್ನೆಲ್ಲ ಒಬ್ಬನಿಗೆ ಹೊರಿಸಿ, ಸುಲಭದ್ದನ್ನು ಇನ್ನೊಬ್ಬನಿಗೆ ಕೊಟ್ಟು, ಕೊನೆಗೆ ಇಬ್ಬರ ಮಾರ್ಕ್ಸ್ ಹೋಲಿಸಿದ ಹಾಗಾಯಿತು. ಇಲ್ಲಿ ಹಿಂದಿನ ಕೈ ಕಲ್ಲಿನ ಗಾತ್ರ. ಒಟ್ಟು ಲೆಕ್ಕ ಹೀಗೆ ತಲೆಕೆಳಗಾಗುವುದಕ್ಕೆ ಸಿಂಪ್ಸನ್ ವಿರೋಧಾಭಾಸ ಅಂತ ಹೆಸರು. ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಇದರ ಮೇಲೆ ಲೇಖನ ಬರೆದಿದ್ದರು. ಮೂವತ್ತು ವರ್ಷ ಪಾಠ ಮಾಡಿದರೂ ಬೋರ್ಡಿನ ಮೇಲೆ ಈ ಲೆಕ್ಕ ತಿರುಗುವ ಗಳಿಗೆಯಲ್ಲಿ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ಸರ್, ಇದನ್ನು ಓದಿ ಕೊಯ್ಸಿಕೊಳ್ಳುತ್ತೇನೆ ಅಂತ ಹೊರಡಬೇಡಿ. ಅದು ನಲವತ್ತು ವರ್ಷ ಹಿಂದಿನ ಮಾತು. ಈಗ ಸಲಕರಣೆ ಬೇರೆ, ವಿಧಾನಗಳೂ ಬೇರೆ ಬೇರೆ ಬಂದಿವೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ನಿಮ್ಮ ಕಲ್ಲು ಎಷ್ಟು ಮಿಲಿಮೀಟರ್, ಎಲ್ಲಿ ಕೂತಿದೆ ಅಂತ ಬರೆದಿರುತ್ತಾರೆ. ಡಾಕ್ಟರ ಮುಂದೆ ಅದನ್ನಿಟ್ಟು "ಇಷ್ಟು ಗಾತ್ರದ, ಈ ಜಾಗದ ಕಲ್ಲಿದ್ದವರಿಗೆ ಯಾವುದು ಚೆನ್ನಾಗಿ ಆಗಿದೆ?" ಅಂತ ಕೇಳಿ. "ಯಾವುದು ಒಳ್ಳೆಯದು?" ಅಂತ ಬರಿದೆ ಕೇಳಿದರೆ ಬರುವ ಉತ್ತರಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಪ್ರಶ್ನೆ: ಮಗಳಿಗೆ ಈಗ ಏಳು ತಿಂಗಳು. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು, ಕೂಸುಗಳು ಜಾಸ್ತಿ ಸಾಯುತ್ತಾರೆ ಅಂತ ಎಲ್ಲರೂ ಅಂತಾರೆ. ನಮ್ಮೂರ ಹತ್ತಿರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಹೋದ ವರ್ಷ ಒಂದು ಸಾವೂ ಆಗಿಲ್ಲವಂತೆ. ಅಕ್ಕಾ, ಎಲ್ಲಿಗೆ ಕರೆದುಕೊಂಡು ಹೋಗಲಿ?
— ಕುಷ್ಟಗಿಯಿಂದ ಒಬ್ಬ ತಾಯಿ

ಉತ್ತರ: ತಂಗೀ, ನಿನ್ನ ಪತ್ರ ಓದಿ ನನ್ನ ಒಡಹುಟ್ಟಿದವಳ ನೆನಪಾಯಿತು. ಅವಳಿಗೆ ಚೊಚ್ಚಲ. ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಸೇರಿಸಿದ್ದೆವು. ರಾತ್ರಿ ಬಿಪಿ ಏರಿತು, ಫಿಟ್ಸ್ ಬಂತು. ಅವರ ಕೈಲಿ ಆಗುವುದಿಲ್ಲ ಅಂತ ಎರಡು ಗಂಟೆ ಹೊತ್ತಿಗೆ ಬಾಡಿಗೆ ಜೀಪಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಗ 108 ಇರಲಿಲ್ಲ. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅವಳು ಉಳಿದಳು. ಕೂಸು ಉಳಿಯಲಿಲ್ಲ.

ಆ ಕೂಸಿನ ಸಾವು ಯಾವ ರಿಜಿಸ್ಟರಿನಲ್ಲಿ ಬಿತ್ತು? ದೊಡ್ಡ ಆಸ್ಪತ್ರೆಯ ರಿಜಿಸ್ಟರಿನಲ್ಲಿ. ನರ್ಸಿಂಗ್ ಹೋಮಿನ ಪುಸ್ತಕದಲ್ಲಿ ಆ ವರ್ಷವೂ ಸೊನ್ನೆಯೇ ಇದ್ದಿರಬೇಕು. ನಾನು ಅವರನ್ನು ಬೈಯುತ್ತಿಲ್ಲ. ಬೇಗ ಕಳಿಸಿದ್ದರಿಂದಲೇ ನನ್ನ ತಂಗಿ ಉಳಿದಳು. ಆದರೆ ಆ ಸೊನ್ನೆಯನ್ನು ಓದುವಾಗ ಆ ಜೀಪು ನನ್ನ ಕಣ್ಣ ಮುಂದೆ ಬರುತ್ತದೆ.

ಬಿಪಿ ಇದ್ದವರು, ರಕ್ತ ಕಡಿಮೆ ಇದ್ದವರು, ಅವಳಿ ಇದ್ದವರು, ತಿಂಗಳು ತುಂಬದ ನೋವು ಬಂದವರು, ಹೀಗೆ ಸುತ್ತಲಿನ ತಾಲ್ಲೂಕುಗಳ ಕಷ್ಟದ ಹೆರಿಗೆಗಳೆಲ್ಲ ಒಂದೇ ಬಾಗಿಲಿಗೆ ಬರುತ್ತವೆ. ಅಲ್ಲಿ ಸಾವಿನ ಲೆಕ್ಕ ಜಾಸ್ತಿ ಇರುವುದಕ್ಕೆ ಅದೂ ಒಂದು ಕಾರಣ. ಇದನ್ನೇ ನೆಪ ಮಾಡಿಕೊಂಡು ದೊಡ್ಡ ಆಸ್ಪತ್ರೆಯವರು ಕೈ ತೊಳೆದುಕೊಳ್ಳಬಾರದು, ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಇಂಥದೇ ಕಷ್ಟದ ಹೆರಿಗೆಗಳು ಬರುವ ಇನ್ನೊಂದು ದೊಡ್ಡ ಆಸ್ಪತ್ರೆಯ ಪಕ್ಕ ಇಟ್ಟು ನೋಡಬೇಕು. ಆಗಲೂ ಇಲ್ಲಿ ಜಾಸ್ತಿ ಬಂದರೆ ಕೇಳಲೇಬೇಕು, ಬಿಡಬಾರದು.

ಇದೇ ಥರ ಕೇರಳದ್ದೊಂದು ಲೆಕ್ಕವಿದೆ. ಸಾವಿರ ಜನಕ್ಕೆ ವರ್ಷಕ್ಕೆ ಎಷ್ಟು ಸಾವು ಅಂತ ನೋಡಿದರೆ ಕೇರಳ ದೇಶದ ಸರಾಸರಿಗಿಂತ ಮೇಲಿದೆ. ಅದೇ ಕೇರಳದಲ್ಲಿ 2020ರ ಲೆಕ್ಕದಂತೆ ಸಾವಿರ ಕೂಸುಗಳಲ್ಲಿ ಒಂದು ವರ್ಷದೊಳಗೆ ತೀರಿಕೊಂಡದ್ದು 6, ದೇಶದಲ್ಲಿ 28. ಅಲ್ಲಿ ಕೂಸುಗಳು ಬದುಕುತ್ತವೆ, ಬೆಳೆದು ಮುದುಕರಾಗುತ್ತವೆ. ಮುದುಕರು ಜಾಸ್ತಿ ಇರುವ ಕಡೆ ಒಟ್ಟು ಸಾವೂ ಜಾಸ್ತಿ.

ನಿನ್ನ ಮಗಳ ವಿಷಯಕ್ಕೆ ಬರುತ್ತೇನೆ. ತಾಯಿ ಕಾರ್ಡ್ ತೆಗೆದು ನೋಡು. ಬಿಪಿ ಎಷ್ಟಿದೆ, ರಕ್ತ ಎಷ್ಟಿದೆ, ಕೂಸು ಹೇಗೆ ಮಲಗಿದೆ ಅಂತ ಆಶಾ ಕಾರ್ಯಕರ್ತೆಯನ್ನೋ ಡಾಕ್ಟರನ್ನೋ ಕೂಡಿಸಿಕೊಂಡು ಕೇಳು. ಏನಾದರೂ ತೊಡಕಿದ್ದರೆ ಮೊದಲೇ ದೊಡ್ಡ ಆಸ್ಪತ್ರೆ. ನಡುರಾತ್ರಿ ಜೀಪು ಬೇಡ. ತೊಡಕಿಲ್ಲದಿದ್ದರೆ ನರ್ಸಿಂಗ್ ಹೋಮಿನವರನ್ನು ಹೀಗೆ ಕೇಳು: ರಾತ್ರಿ ಡಾಕ್ಟರ್ ಇಲ್ಲೇ ಇರುತ್ತಾರಾ, ಸಿಸೇರಿಯನ್ ಇಲ್ಲೇ ಆಗುತ್ತದಾ, ರಕ್ತ ಎಲ್ಲಿಂದ ತರುತ್ತೀರಿ, ಹೋದ ವರ್ಷ ಎಷ್ಟು ಜನರನ್ನು ಬೇರೆ ಕಡೆ ಕಳಿಸಿದಿರಿ. ಕೊನೆಯ ಪ್ರಶ್ನೆ ಮರೆಯಬೇಡ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ನಮ್ಮ ಭಾಗದ ಜಿಲ್ಲೆಗಳು ಕೆಳಗೆ, ಕರಾವಳಿ ಮೇಲೆ. ಮಗನನ್ನು ಎಂಟನೇ ಕ್ಲಾಸಿಗೆ ಆ ಕಡೆಯ ಒಂದು ವಸತಿ ಶಾಲೆಗೆ ಹಾಕೋಣ ಅಂತಿದ್ದೇನೆ. ಪ್ರತಿ ವರ್ಷ ನೂರಕ್ಕೆ ನೂರು ಫಲಿತಾಂಶ. ಸಾಲ ಮಾಡಬೇಕಾಗುತ್ತದೆ.
— ಲಿಂಗಸುಗೂರಿನ ಒಬ್ಬ ತಂದೆ

ಉತ್ತರ: ಸಾಲದ ಪತ್ರಕ್ಕೆ ಸಹಿ ಹಾಕುವ ಮುಂಚೆ ಆ ಶಾಲೆಗೆ ಎರಡು ಮಾತು ಕೇಳಿ. ಎಂಟಕ್ಕೆ ಸೇರಿದ ಮಕ್ಕಳಲ್ಲಿ ಎಷ್ಟು ಜನ ಅಲ್ಲೇ ಹತ್ತನೇ ಪರೀಕ್ಷೆ ಬರೆದರು? ಸೇರುವಾಗ ಪ್ರವೇಶ ಪರೀಕ್ಷೆ ಇದೆಯಾ? ಮೊದಲೇ ಚೆನ್ನಾಗಿ ಓದುವ ಮಕ್ಕಳನ್ನು ಆರಿಸಿ, ಒಂಬತ್ತರಲ್ಲಿ ಹಿಂದೆ ಬಿದ್ದವರಿಗೆ ಟಿಸಿ ಕೊಟ್ಟರೆ ಯಾವ ಶಾಲೆಯಲ್ಲೂ ನೂರಕ್ಕೆ ನೂರು ಬರುತ್ತದೆ. ನಿಮ್ಮ ಮಗನಂಥ ಹುಡುಗ ಸೇರುವಾಗ ಎಷ್ಟು ತೆಗೆಯುತ್ತಿದ್ದ, ಹೊರಬರುವಾಗ ಎಷ್ಟು ತೆಗೆದ ಅನ್ನುವುದೇ ಶಾಲೆಯ ಕೆಲಸ.

ಜಿಲ್ಲೆಗಳ ಮಾತು ಬೇರೆ, ಅದು ನನಗೆ ಬಹಳ ನೋವಿನ ಮಾತು. 2024ರಲ್ಲಿ ಉಡುಪಿ ನೂರಕ್ಕೆ 94 ತೆಗೆದು ಮೊದಲು ನಿಂತಿತು, ಯಾದಗಿರಿ 51 ಹತ್ತಿರ ತೆಗೆದು ಕೊನೆಗೆ ನಿಂತಿತು. ಟಿವಿಯಲ್ಲಿ ಅದನ್ನು ಓಟದ ಪಂದ್ಯದ ಹಾಗೆ ಹೇಳಿದರು. ಇಬ್ಬರೂ ಒಂದೇ ಗೆರೆಯಿಂದ ಓಡಿದರಾ? 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಹೆಣ್ಣುಮಕ್ಕಳಲ್ಲಿ ಓದು ಬರಹ ಬಂದವರು ನೂರಕ್ಕೆ 84ರಷ್ಟು. ನಮ್ಮ ರಾಯಚೂರಿನಲ್ಲಿ 49ರಷ್ಟು. ಆ ಹೆಣ್ಣುಮಕ್ಕಳೇ ಇವತ್ತು ಹತ್ತನೇ ಕ್ಲಾಸಿನ ಮಕ್ಕಳ ತಾಯಂದಿರು.

ನನ್ನ ಚಿಕ್ಕಮ್ಮನ ಮಗಳು ನಿಮ್ಮ ತಾಲ್ಲೂಕಿನಲ್ಲೇ ಸರ್ಕಾರಿ ಶಾಲೆಯ ಟೀಚರ್. ಒಂದು ಸಲ ಅವಳ ಹಾಜರಿ ಪುಸ್ತಕ ನೋಡಿದೆ. ಒಂದು ಹುಡುಗಿಯ ಹೆಸರಿನ ಮುಂದೆ ಜೂನಿನಿಂದ ದೀಪಾವಳಿಯವರೆಗೆ ಒಂದು ದಿನವೂ ತಪ್ಪಿಲ್ಲ. ಆಮೇಲೆ ಗೈ, ಗೈ, ಗೈ ಅಂತ ಪುಟದ ಆ ತುದಿಯವರೆಗೆ. ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದಳು, ತಮ್ಮನನ್ನು ನೋಡಿಕೊಳ್ಳಲು. ಪರೀಕ್ಷೆಗೆ ವಾಪಸ್ ಬಂದಾಗ ಸಿಮೆಂಟಿಗೆ ಅವಳ ಕೈ ಒಡೆದಿತ್ತಂತೆ. ಆ ಹುಡುಗಿ ಫೇಲಾದರೆ ಅದು ಶಾಲೆಯ ಫಲಿತಾಂಶ, ತಾಲ್ಲೂಕಿನ ಫಲಿತಾಂಶ, ಜಿಲ್ಲೆಯ ಫಲಿತಾಂಶ. ಗುಳೆಯ ಫಲಿತಾಂಶ ಅಂತ ಯಾರೂ ಬರೆಯುವುದಿಲ್ಲ.

ಟಾನಿಕ್ಕಿನ ಲೆಕ್ಕದಲ್ಲಿ ನೀರನ್ನು ಬೇರೆ ಮಾಡಿದರೆ ಮುಗಿಯಿತು. ಇಲ್ಲಿ ಹಾಗಲ್ಲ. ಇಲ್ಲಿ ಹಿಂದಿನ ಕೈಯೇ ನಿಜವಾದ ಸಮಸ್ಯೆ. ಊರಲ್ಲೇ ಕೆಲಸ, ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ಹಾಸ್ಟೆಲು, ಖಾಲಿ ಬಿದ್ದ ಮೇಷ್ಟ್ರ ಹುದ್ದೆ ತುಂಬುವುದು, ನೋಡಬೇಕಾದದ್ದು ಅಲ್ಲಿ. ನಮ್ಮ ಮಕ್ಕಳ ತಲೆಯಲ್ಲಿ ಏನೋ ಕಮ್ಮಿ ಅಂತ ಯಾರಾದರೂ ಅಂದರೆ ಈ ಹಾಜರಿ ಪುಸ್ತಕದ ಕಥೆ ಹೇಳಿ.

ಪ್ರಶ್ನೆ: ಜೋಳದ ರೊಟ್ಟಿ ತಿನ್ನುವವರಿಗೆ ಶುಗರ್ ಬರುವುದಿಲ್ಲ ಅಂತ ನಮ್ಮಜ್ಜಿ ಹೇಳುತ್ತಾರೆ. ನಾನು ನಮ್ಮ ಓಣಿಯಲ್ಲಿ ಲೆಕ್ಕ ಹಾಕಿದೆ. ರೊಟ್ಟಿ ತಿನ್ನುವ ಮನೆಗಳಲ್ಲೇ ಶುಗರ್ ಜಾಸ್ತಿ! ಅಜ್ಜಿ ತಪ್ಪಾ?
— ಕೊಪ್ಪಳದ ಬಿಎಸ್ಸಿ ವಿದ್ಯಾರ್ಥಿನಿ

ಉತ್ತರ: ಓಣಿ ಸುತ್ತಿ ಲೆಕ್ಕ ಹಾಕಿದೆಯಲ್ಲ ಮಗಳೇ, ಬಹಳ ಖುಷಿಯಾಯಿತು. ಇನ್ನೊಂದು ಸುತ್ತು ಹೋಗು. ಶುಗರ್ ಇರುವವರನ್ನು "ರೊಟ್ಟಿ ಯಾವಾಗಿನಿಂದ ತಿನ್ನುತ್ತಿದ್ದೀರಿ?" ಅಂತ ಕೇಳು. ಎಷ್ಟೋ ಮನೆಗಳಲ್ಲಿ ಶುಗರ್ ಬಂತು, ಡಾಕ್ಟರು ಅನ್ನ ಕಮ್ಮಿ ಮಾಡಿ ಅಂದರು, ಆಮೇಲೆ ರೊಟ್ಟಿ ಶುರುವಾಯಿತು. ಕಾಯಿಲೆ ಮೊದಲು, ರೊಟ್ಟಿ ಆಮೇಲೆ. ಹಾಗಿದ್ದರೆ ರೊಟ್ಟಿಯಿಂದ ಶುಗರಿನ ಕಡೆಗೆ ನೀನು ಹಾಕಿದ ಬಾಣದ ಗುರುತನ್ನು ತಿರುಗಿಸಿ ಹಾಕಬೇಕು.

ಅಜ್ಜಿಯ ಲೆಕ್ಕದಲ್ಲೂ ಒಂದು ಕೈ ಇದೆ. ಅವರ ಕಾಲದಲ್ಲಿ ರೊಟ್ಟಿ ತಿಂದವರು ಬೆಳಗಿನಿಂದ ಸಂಜೆವರೆಗೆ ಹೊಲದಲ್ಲಿ ಬಗ್ಗಿದವರು. ನೀರಿಗೆ ಮೈಲಿ ನಡೆದವರು. ರಕ್ತ ಪರೀಕ್ಷೆ ಮಾಡಿಸಿದವರೂ ಕಡಿಮೆ, ಹಾಗಾಗಿ ಇದ್ದ ಶುಗರೂ ಗೊತ್ತಾಗಲಿಲ್ಲ. ರೊಟ್ಟಿ ಒಳ್ಳೆಯ ಊಟವೇ, ನಾನೂ ದಿನಾ ತಿನ್ನುತ್ತೇನೆ. ಆದರೆ ರೊಟ್ಟಿಯೊಂದೇ ತಡೆಯಿತು ಅನ್ನಲು ಅಜ್ಜಿಯ ಮಾತೂ ಸಾಲದು, ನಿನ್ನ ಓಣಿಯ ಲೆಕ್ಕವೂ ಸಾಲದು.

ಪ್ರಶ್ನೆ: ಮೇಡಂ, ನಿಮ್ಮ ಅಂಕಣದಿಂದಲೇ ನಮ್ಮನೆಯಲ್ಲಿ ತೊಂದರೆಯಾಗಿದೆ. ಮಾವನವರಿಗೆ 58, ದಿನಕ್ಕೆ ಒಂದು ಕಟ್ಟು ಬೀಡಿ. ಬಿಡಿ ಅಂದರೆ, "ನಿಮ್ಮ ಮೇಡಮ್ಮೇ ಬರೀತಾರಲ್ಲ, ಹಿಂದೆ ಬೇರೆ ಕೈ ಇರುತ್ತೆ ಅಂತ. ಕ್ಯಾನ್ಸರ್ ಬರೋದು ಬೀಡಿಯಿಂದ ಅಂತ ಹೆಂಗೆ ಹೇಳ್ತೀರಿ?" ಅಂತಾರೆ. ಏನು ಹೇಳಲಿ?
— ಬಳ್ಳಾರಿಯ ಒಬ್ಬ ಸೊಸೆ

ಉತ್ತರ: ಈ ಪತ್ರ ಓದಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಮಾತು ಒಬ್ಬರ ಕೈಯಲ್ಲಿ ಬೀಡಿ ಉಳಿಸುವುದಾದರೆ ನಾನು ಅದನ್ನು ಪೂರ್ತಿ ಹೇಳಿಲ್ಲ ಅಂತಲೇ ಅರ್ಥ. ಈ ಉತ್ತರವನ್ನು ಮಾವನವರಿಗೇ ಓದಿ ಹೇಳಮ್ಮಾ.

ಅಪ್ಪಾಜಿ, ನೀವು ಕೇಳಿದ್ದನ್ನೇ ದೊಡ್ಡವರೊಬ್ಬರು ಕೇಳಿದ್ದರು. ಮೇಲೆ ಹೇಳಿದೆನಲ್ಲ, ರೊನಾಲ್ಡ್ ಫಿಶರ್, ಅವರೇ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬಿಬ್ಬರು ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ, ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ನಂಟಿದೆ ಅಂತ ಬರೆದರು. ಫಿಶರ್ ಒಪ್ಪಲಿಲ್ಲ. ಹುಟ್ಟಿನಿಂದ ಬಂದ ಯಾವುದೋ ಗುಣ ಸೇದುವ ಚಟವನ್ನೂ ಕೊಡುತ್ತಿರಬಹುದು, ಕ್ಯಾನ್ಸರನ್ನೂ ಕೊಡುತ್ತಿರಬಹುದು ಅಂದರು. ಸ್ವತಃ ಪೈಪು ಸೇದುತ್ತಿದ್ದರು. ಜನರನ್ನು ಚೀಟಿ ಎತ್ತಿ "ನೀನು ಮೂವತ್ತು ವರ್ಷ ಸೇದು, ನೀನು ಸೇದಬೇಡ" ಅನ್ನಲು ಆಗುವುದಿಲ್ಲವಲ್ಲ. ಹಾಗಾದರೆ ಈ ಜಗಳ ಬಗೆಹರಿಯುವುದು ಹೇಗೆ?

1959ರಲ್ಲಿ ಅಮೆರಿಕದ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಜೊತೆಗಾರರು ಹಿಂದಿನ ಕೈ ಎಷ್ಟು ದೊಡ್ಡದಿರಬೇಕು ಅಂತ ಲೆಕ್ಕ ಹಾಕಿದರು. ಸೇದುವವರಿಗೆ ಆ ಕ್ಯಾನ್ಸರ್ ಬರುವುದು ಸೇದದವರಿಗಿಂತ ಒಂಬತ್ತು ಪಟ್ಟು ಜಾಸ್ತಿ. ಇದೆಲ್ಲ ಯಾವುದೋ ಗುಣದ ಕೆಲಸ ಅನ್ನುವುದಾದರೆ, ಆ ಗುಣ ಸೇದುವವರಲ್ಲಿ ಸೇದದವರಿಗಿಂತ ಕಡಿಮೆ ಅಂದರೂ ಒಂಬತ್ತು ಪಟ್ಟು ಜಾಸ್ತಿ ಇರಬೇಕು. ಅಷ್ಟು ದೊಡ್ಡ ಕೈ ಇದ್ದಿದ್ದರೆ ಕಾಣದೆ ಇರುತ್ತಿತ್ತಾ? ಯಾರೂ ತೋರಿಸಲಿಲ್ಲ. ಟಾನಿಕ್ಕಿನ ಫರಕು 42ಕ್ಕೆ 34. ಕಾಲು ಪಾಲಿನಷ್ಟೂ ಇಲ್ಲ, ಅದನ್ನು ನೀರೊಂದೇ ಮಾಡಬಲ್ಲದು. ಒಂಬತ್ತು ಪಟ್ಟನ್ನು ಮಾಡಲು ಅಂಥ ಕೈ ಸಾಲದು. "ಬೇರೆ ಕಾರಣ ಇರಬಹುದು" ಅಂದರೆ ಸಾಕಾಗುವುದಿಲ್ಲ ಅಪ್ಪಾಜಿ, ಯಾವುದು, ಎಷ್ಟು ದೊಡ್ಡದು ಅಂತ ಹೇಳಬೇಕು.

ಡಾಲ್ ಅವರೂ ಸುಮ್ಮನಿರಲಿಲ್ಲ. 1951ರಲ್ಲಿ ಬ್ರಿಟನ್ನಿನ ಡಾಕ್ಟರುಗಳಿಗೆ ಪತ್ರ ಬರೆದು ಸೇದುತ್ತೀರಾ ಅಂತ ಕೇಳಿದರು. 34 ಸಾವಿರಕ್ಕೂ ಹೆಚ್ಚು ಗಂಡು ಡಾಕ್ಟರುಗಳನ್ನು 50 ವರ್ಷ ಬೆನ್ನು ಹತ್ತಿ ಲೆಕ್ಕ ಇಟ್ಟರು. ಎಲ್ಲರೂ ಡಾಕ್ಟರುಗಳೇ. ಹಾಗಾಗಿ ಬಡತನ, ಓದು, ಕೆಲಸ ಅನ್ನುವ ಹಿಂದಿನ ಕೈಗಳು ಅಲ್ಲಿ ಹೆಚ್ಚು ಆಡುವಂತಿರಲಿಲ್ಲ. 2004ರಲ್ಲಿ ಬಂದ ಲೆಕ್ಕ ಹೀಗಿದೆ. ಕೊನೆವರೆಗೆ ಸಿಗರೇಟು ಸೇದಿದವರು ಸೇದದವರಿಗಿಂತ ಸುಮಾರು 10 ವರ್ಷ ಮುಂಚೆ ಹೋದರು. 30ರಲ್ಲಿ ಬಿಟ್ಟವರಿಗೆ ಆ ಹತ್ತು ವರ್ಷ ಹೆಚ್ಚುಕಡಿಮೆ ಪೂರ್ತಿ ವಾಪಸ್ ಸಿಕ್ಕಿತು. 40ರಲ್ಲಿ ಬಿಟ್ಟವರಿಗೆ 9, 50ರಲ್ಲಿ ಬಿಟ್ಟವರಿಗೆ 6. 60ರಲ್ಲಿ ಬಿಟ್ಟವರಿಗೂ ಸುಮಾರು 3 ವರ್ಷ ಸಿಕ್ಕಿತು.

ಅದು ಸಿಗರೇಟಿನ ಲೆಕ್ಕ. ಬೀಡಿಯಲ್ಲಿರುವುದೂ ತಂಬಾಕೇ, ಅದರ ಹೊಗೆಯಲ್ಲಿ ಟಾರ್ ಏನೂ ಕಮ್ಮಿ ಇಲ್ಲ. ನಿಮಗೆ ಈಗ 58. ಇವತ್ತಿನ ಕಟ್ಟಿನಲ್ಲಿ ಎಷ್ಟು ಬೀಡಿ ಉಳಿದಿವೆ ಅಂತ ಎಣಿಸಿ ಸೊಸೆಯ ಕೈಗೆ ಕೊಡಿ ಅಪ್ಪಾಜಿ. ಮುಂದಿನ ತಿಂಗಳು ಅವಳ ಪತ್ರಕ್ಕೆ ಕಾಯುತ್ತಿರುತ್ತೇನೆ.